ಮೊದಲ ಬಾಯಿ

ನಮ್ಮೂರಲ್ಲಿ ಗಾಡಿ ಕೆಟ್ಟರೆ ಮೊದಲು ಮಾಲೀಕನ ಬಾಯಿಗೆ ನೀರು ತುಂಬಿಸಬೇಕು. ಬಾನೆಟ್ಟು ಎತ್ತುವುದು ಆಮೇಲಿನ ಮಾತು. ನನ್ನ ಅಪ್ಪನ ಕಾಲದಿಂದ ಗ್ಯಾರೇಜಿನ ಬಾಗಿಲಲ್ಲಿ ನೀರಿನದೊಂದು ಹರವಿ, ಅದರ ಮೇಲೊಂದು ಹಿತ್ತಾಳೆ ತಂಬಿಗೆ ಇದೆ. ಬಂದವನು ಗೌಡನಾಗಲಿ ಹಮಾಲನಾಗಲಿ, ಬಾಯ್ತುಂಬ ನೀರು ತುಂಬಿಕೊಂಡು ಮೂಲೆಯ ಬೆಂಚಿನ ಮೇಲೆ ಕೂರಬೇಕು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಾನು ಕೆಲಸ ಮುಗಿಸಿ ಕೈ ಒರೆಸಿಕೊಂಡ ಮೇಲೆ ಅವನು ಹೊರಗೆ ಹೋಗಿ ಪಿಚಕ್ಕನೆ ಉಗುಳಿ ಬಂದು, ಏನಾಗಿತ್ತೋ ದಾವಲಸಾಬ ಎಂದು ಕೇಳಬಹುದು.

ಯಾಕೆಂದರೆ ನಮ್ಮೂರಲ್ಲಿ ಕೆಟ್ಟು ನಿಂತ ವಸ್ತುವಿನ ಮುಂದೆ ಯಾರಾದರೂ ಒಂದು ಭಾಗದ ಹೆಸರು ಹಿಡಿದು ಅದು ಹೋಗಿದೆ ಎಂದರೆ, ಅದು ಹೋಗಿಯೇಬಿಡುತ್ತದೆ. ಬ್ಯಾಟರಿ ಹೋಗಿದೆ ಅಂದಿರೋ, ನಿನ್ನೆ ತಂದ ಬ್ಯಾಟರಿಯೂ ಹೋಯಿತು. ಮೊದಲಿನ ದೋಷ ಎಲ್ಲಿತ್ತೋ ಅಲ್ಲೇ ಕೂತಿರುತ್ತದೆ. ಒಂದಿದ್ದದ್ದು ಎರಡಾಯಿತು, ಅಷ್ಟೇ. ನನ್ನ ಸೋದರಮಾವ ಟ್ರ್ಯಾಕ್ಟರ್ ಸುತ್ತ ತಿರುಗಿ ದೊಡ್ಡ ತಜ್ಞನ ಹಾಗೆ ಒಂದೊಂದೇ ಹೆಸರು ಹೇಳುತ್ತ ಹೋಗಿ, ಸಂಜೆಯ ಹೊತ್ತಿಗೆ ಇಡೀ ಟ್ರ್ಯಾಕ್ಟರನ್ನು ಗುಜರಿಗೆ ಹಾಕಿದ ಪುಣ್ಯಾತ್ಮ. ಮನುಷ್ಯರ ಮೈಗೂ ಇದೇ ಲೆಕ್ಕ. ಅದಕ್ಕೇ ನಮ್ಮೂರಲ್ಲಿ ಯಾರೂ ಕಾಯಿಲೆಯ ಹೆಸರೆತ್ತುವುದಿಲ್ಲ. 'ಮನ್ಯಾಗ ಅದು ಐತಿ' ಎನ್ನುತ್ತಾರೆ. ಕಂಪೌಂಡರ್ ವಾಮನರಾಯರು ಹೊಟ್ಟೆ ಒತ್ತಿ ನೋಡಿ, ತಮ್ಮ ಕೈಲಾಗುವಂಥದ್ದಾದರೆ ಗುಳಿಗೆ ಕೊಡುತ್ತಾರೆ, ಆಗದ್ದಾದರೆ ಸುಮ್ಮನೆ ಘಾಟಿನ ರಸ್ತೆಯ ಕಡೆ ಕೈ ತೋರಿಸುತ್ತಾರೆ. ಘಾಟು ದಾಟಿದರೆ ಮಾತಿಗೆ ಈ ಕಾಟವಿಲ್ಲ. ಅಲ್ಲಿನ ಆಸ್ಪತ್ರೆಯಲ್ಲಿ ಯಾರು ಏನು ಬೇಕಾದರೂ ಅನ್ನಬಹುದು.

ನಮ್ಮ ಕಸುಬಿಗೆ ಒಂದೇ ಒಂದು ವಿನಾಯಿತಿ. ಕೆಟ್ಟ ಜಾಗದ ಮೇಲೆ ಬೆರಳಿಟ್ಟ ಮೇಲೆ ಅದರ ಹೆಸರು ಹೇಳಬಹುದು. ಅಲ್ಲಿಯವರೆಗೆ ಬಾಯಿ ಬಿಗಿಹಿಡಿದು ಕಣ್ಣು, ಕಿವಿ, ಮೂಗಿನಲ್ಲೇ ಕೆಲಸ. ನನಗಂತೂ ಇದು ದೊಡ್ಡ ಶಿಕ್ಷೆ. ನಾನು ಹುಟ್ಟಾ ಬಾಯಿ ಹರಕ. ಬಾನೆಟ್ಟಿನೊಳಗೆ ತಲೆ ಹಾಕಿದರೆ ಸಾಕು, ನಟ್ಟಿಗೆ, ಬೋಲ್ಟಿಗೆ, ಗಾಡಿಯನ್ನು ಹೀಗೆ ಇಟ್ಟುಕೊಂಡ ಮಾಲೀಕನ ಇಡೀ ವಂಶಕ್ಕೆ ಗೊಣಗೊಣ ಬೈಯುತ್ತಲೇ ಇರುತ್ತೇನೆ. ಇದು ಊರಿಗೆಲ್ಲ ಗೊತ್ತು. ಆದರೆ ಇಷ್ಟು ವರ್ಷದಲ್ಲಿ ಒಂದೇ ಒಂದು ತಪ್ಪು ಹೆಸರು ನನ್ನ ಬಾಯಿಂದ ಬಿದ್ದಿರಲಿಲ್ಲ.

ಅವತ್ತು ಸಂತೆ. ಬೆಳಗಿನ ಬಸ್ಸು ಹೋಗಿಯಾಗಿತ್ತು, ಊರಿನ ಗಾಡಿಗಳೆಲ್ಲ ಘಾಟಿನಾಚೆ ಸಂತೆಗೆ ಹೋಗಿದ್ದವು. ಹಿಂದಿನ ಓಣಿಯ ಶಿವಪುತ್ರ ಗಲ್ಲ ಎರಡೂ ಉಬ್ಬಿಸಿಕೊಂಡು ಓಡೋಡಿ ಬಂದ. ಅವನದೊಂದು ಹಳೆಯ ಪಿಕಪ್ಪು. ಗಂಡ ಹೆಂಡತಿ ಅದರಲ್ಲಿ ಉಳ್ಳಾಗಡ್ಡಿ ಹೇರಿಕೊಂಡು ಹೋಗಿ ಮಾರಿ ಬರುತ್ತಿದ್ದರು. ಮನೆಯಿಂದಲೇ ಬಾಯಿಗೆ ನೀರು ತುಂಬಿಕೊಂಡು ಬಂದವನನ್ನು ನಾನು ಅದೇ ಮೊದಲು ನೋಡಿದ್ದು.

"ಏನಪಾ ಶಿವಪುತ್ರ, ಬಾಯಾಗ ಉಳ್ಳಾಗಡ್ಡಿ ಇಟ್ಕೊಂಡು ಬಂದೀ ಏನ?" ಎಂದು ನಕ್ಕೆ.

ಅವನು ನಗಲಿಲ್ಲ. ನನ್ನ ರಟ್ಟೆ ಹಿಡಿದು ಎಳೆದ. ಕಣ್ಣು ನೋಡಿದೆ, ನನ್ನ ನಗೆ ಇಂಗಿಹೋಯಿತು. ಸ್ಪ್ಯಾನರಿನ ಚೀಲ ಹೆಗಲಿಗೆ ಹಾಕಿಕೊಂಡು ಅವನ ಹಿಂದೆಯೇ ಓಡಿದೆ.

ಅಂಗಳದಲ್ಲಿ ಪಿಕಪ್ಪು ನಿಂತಿತ್ತು. ಹಿಂದೆ ಸಾಮಾನು ಹೇರುವ ಜಾಗದಲ್ಲಿ ಗಾದಿ ಹಾಸಿ ಅವನ ಹೆಂಡತಿ ಕಾಶವ್ವನನ್ನು ಮಲಗಿಸಿದ್ದರು. ಮೊಣಕಾಲನ್ನು ಎದೆಗೆ ಒತ್ತಿಕೊಂಡು ಒಂದೇ ಮಗ್ಗುಲಾಗಿ ಮಲಗಿದ್ದಳು. ಬಳಿಯಲ್ಲಿ ವಾಮನರಾಯರು ಕೂತಿದ್ದರು. ನನ್ನನ್ನು ಕಂಡದ್ದೇ ಘಾಟಿನ ಕಡೆ ಕೈ ತೋರಿಸಿದರು, ಮಣಿಕಟ್ಟಿನ ಗಡಿಯಾರ ತೋರಿಸಿದರು, ಮತ್ತೆ ಘಾಟಿನ ಕಡೆ ತೋರಿಸಿದರು.

ಈ ಕಾಶವ್ವನ ವಿಷಯ ಹೇಳಬೇಕು. ಸಂತೆಯಲ್ಲಿ ಅವಳ ಗಂಟಲಿಗೆ ಸರಿಸಾಟಿ ಇರಲಿಲ್ಲ. ಉಳ್ಳಾಗಡ್ಡಿ ಹಿಚುಕಿ ನೋಡಿದವರ ಕೈ ಮೇಲೆ ಚಟಾರನೆ ಹೊಡೆಯುತ್ತಿದ್ದಳು. ಮಾತಿಗೆ ಮಾತು ಕೊಡುವುದರಲ್ಲಿ ನನ್ನನ್ನೇ ಮೂಲೆಗೆ ಕೂರಿಸುತ್ತಿದ್ದಳು. ಗ್ಯಾರೇಜಿನ ಮುಂದೆ ಹಾದುಹೋಗುವಾಗಲೆಲ್ಲ, 'ದಾವಲಣ್ಣ, ಇವತ್ತು ಯಾರ ವಂಶ ಉದ್ಧಾರ ಮಾಡಾಕತ್ತೀಯೋ?' ಎಂದು ಕೆಣಕದೆ ಮುಂದೆ ಹೋದವಳಲ್ಲ. ಅವತ್ತು ತುಟಿ ಒಣಗಿ ಬಿಳಿಚಿಕೊಂಡಿತ್ತು. "ದಾವಲಣ್ಣ, ಲಗೂ ನೋಡೋ" ಅಂದಳು. ಅಷ್ಟೇ. ಎಲ್ಲಿ ನೋಯುತ್ತಿದೆ, ಏನಾಗಿದೆ, ಒಂದೂ ಅನ್ನಲಿಲ್ಲ. ಅಂಥ ನೋವಿನಲ್ಲೂ ನಮ್ಮೂರಿನ ಶಿಸ್ತು ಬಿಟ್ಟಿರಲಿಲ್ಲ ಹುಡುಗಿ.

ಬಾನೆಟ್ಟು ಎತ್ತಿದೆ. ಅದನ್ನು ಎತ್ತಿ ನಿಲ್ಲಿಸುವ ಕಡ್ಡಿ ಮುರಿದುಹೋಗಿತ್ತು. ಶಿವಪುತ್ರನ ತಾಯಿ ಗುರವ್ವ ಬಂದು ಎರಡೂ ಕೈಯಲ್ಲಿ ಬಾನೆಟ್ಟು ಎತ್ತಿ ಹಿಡಿದು ನನ್ನ ಪಕ್ಕದಲ್ಲೇ ನಿಂತಳು. ಅವಳ ಬಾಯಿಯಲ್ಲೂ ನೀರು. ಶಿವಪುತ್ರ ಡ್ರೈವರ್ ಸೀಟಿನಲ್ಲಿ ಕೂತ. ನಾನು ಮಡ್‌ಗಾರ್ಡ್ ತಟ್ಟಿದರೆ ಕೀ ತಿರುಗಿಸಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು. ಇದು ನಮ್ಮಲ್ಲಿ ಎಲ್ಲರಿಗೂ ತಿಳಿದ ಸನ್ನೆ.

ತಟ್ಟಿದೆ. ಸೆಲ್ಫು ಗರಗರನೆ ತಿರುಗಿತು. ತಿರುಗುವುದರಲ್ಲಿ ಒಳ್ಳೇ ಕಸುವಿತ್ತು, ಅಂದರೆ ಕರೆಂಟಿನ ತಾಪತ್ರಯವಲ್ಲ. ಇದನ್ನು ಮನಸ್ಸಿನಲ್ಲೇ ಅಂದುಕೊಂಡೆ; ಮನಸ್ಸಿನಲ್ಲಿ ಅಂದುಕೊಳ್ಳಲು ಅಡ್ಡಿಯಿಲ್ಲ. ಹಿಂದೆ ಹೋಗಿ ಸೈಲೆನ್ಸರ್ ನೋಡಿದೆ. ಹೊಗೆಯ ಸುಳಿವೇ ಇರಲಿಲ್ಲ. ಡೀಸೆಲ್ ಒಳಗೆ ಹೋಗಿ ಉರಿಯದೆ ಇದ್ದಿದ್ದರೆ ಬಿಳಿ ಹೊಗೆಯಾದರೂ ಬರಬೇಕಿತ್ತು. ಹಾಗಾದರೆ ಡೀಸೆಲ್ಲೇ ಮುಟ್ಟುತ್ತಿಲ್ಲ. ಟ್ಯಾಂಕಿನಲ್ಲಿ ಕಡ್ಡಿ ಇಳಿಬಿಟ್ಟು ನೋಡಿದೆ, ಬೇಕಾದಷ್ಟಿತ್ತು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದೆ. ಡೀಸೆಲ್ ಬರಲಿಲ್ಲ, ಬುಸುಬುಸು ನೊರೆ ಬಂತು. ಎಲ್ಲೋ ಗಾಳಿ ಒಳಗೆ ನುಗ್ಗುತ್ತಿದೆ. ಎಲ್ಲಿ? ಅದೇ ಪ್ರಶ್ನೆ. ಟ್ಯಾಂಕಿನಿಂದ ಫಿಲ್ಟರಿನವರೆಗೆ ಎಷ್ಟೊಂದು ಜೋಡಣೆ, ಎಷ್ಟೊಂದು ವಾಷರು. ಒಂದರ ಹೆಸರು ಹೇಳಿ ಅದು ಸರಿಯಿದ್ದದ್ದೇ ಆದರೆ ಅದೂ ಹೋಯಿತು. ನಾನು ಅವತ್ತು ಶಿವಪುತ್ರನ ವಂಶವನ್ನು ಬೈಯಲಿಲ್ಲ. ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಿದ್ದೆ.

ನೊರೆ ಹೋಗುವವರೆಗೆ ಪಂಪು ಒತ್ತಿ ಸ್ಕ್ರೂ ಬಿಗಿದು ಮತ್ತೆ ತಟ್ಟಿದೆ. ಸೆಲ್ಫು ತಿರುಗಿತು, ಇಂಜಿನ್ನು ಬುಡ್ ಬುಡ್ ಎಂದು ಕೆಮ್ಮಿತು, ಒಮ್ಮೆ ಹಿಡಿಯಿತು. ಅಲ್ಲಾ! ಗುರವ್ವನ ಕಣ್ಣು ಅರಳಿದವು. ಹಿಂದಿನಿಂದ ವಾಮನರಾಯರು ಎದ್ದು ನಿಂತರು. ಆದರೆ ಎರಡು ಉಸಿರಿನಷ್ಟು ಹೊತ್ತು ನಡೆದು ಇಂಜಿನ್ನು ಆರಿಹೋಯಿತು.

ನನಗೆ ಅದರಿಂದ ಧೈರ್ಯ ಬಂತು. ಇಂಜಿನ್ನಿನಲ್ಲಿ ಏನೂ ಇಲ್ಲ, ಕಲ್ಲಿನಂತಿದೆ ಎಂದು ಖಾತ್ರಿಯಾಯಿತು. ಗಾಳಿ ನುಗ್ಗುವ ತೂತೊಂದು ಸಿಕ್ಕರೆ ಕೈಯಳತೆಯ ಕೆಲಸ. ಆದರೆ ಶಿವಪುತ್ರನಿಗೆ ಹಾಗನ್ನಿಸಲಿಲ್ಲ. ಹಿಡಿದದ್ದು ಬಿಟ್ಟುಹೋದ ಸದ್ದು ಅವನ ಎದೆಯನ್ನೇ ಒಡೆದಿರಬೇಕು. ನಾನು ತಟ್ಟದಿದ್ದರೂ ಕೀ ತಿರುಗಿಸಿದ. ಮತ್ತೆ ತಿರುಗಿಸಿದ. ನಾನು ಬೇಡ ಎಂದು ಕೈ ಬೀಸಿದೆ. ಎತ್ತಿದ ಬಾನೆಟ್ಟು ಅಡ್ಡವಾಗಿ ಅವನಿಗೆ ನನ್ನ ಕೈಯೂ ಕಾಣುತ್ತಿರಲಿಲ್ಲ, ಮುಖವೂ ಕಾಣುತ್ತಿರಲಿಲ್ಲ. ಅಷ್ಟು ಹೊತ್ತು ನರಳುತ್ತಿದ್ದ ಕಾಶವ್ವ ಆಗ ಇದ್ದಕ್ಕಿದ್ದಂತೆ ಸುಮ್ಮನಾದಳು.

ನಾನು ಕುರುಡನ ಹಾಗೆ ಬೆರಳಲ್ಲೇ ತಡಕುತ್ತ ರಬ್ಬರ್ ಪೈಪಿನ ಗುಂಟ ಬಂದೆ. ಫಿಲ್ಟರಿಗೆ ಇನ್ನೇನು ಗೇಣುದ್ದ ದೂರದಲ್ಲಿ, ಕ್ಲಿಪ್ಪಿನ ಅಡಿಯಲ್ಲಿ, ಬೆರಳಿಗೆ ಹಸಿ ಹತ್ತಿತು. ಒತ್ತಿದೆ. ಸೀಳು ಬಾಯಿ ಬಿಟ್ಟಿತು. ಇದೇ! ಮುದಿ ರಬ್ಬರು, ಕೂದಲೆಳೆಯಷ್ಟು ಸೀಳು. ಕೊಯ್ದು ಮುಂದಕ್ಕೆಳೆದು ಕಟ್ಟಿದರೆ ಮುಗಿಯಿತು. ಬೆರಳು ಅದರ ಮೇಲಿತ್ತು. ಪೈಪು ಎಂದು ಕೂಗಲು ಬಾಯಿ ತೆರೆದೆ.

ಕ್ಯಾಬಿನ್ನಿನಿಂದ ನೀರು ಉಗುಳಿದ ಸದ್ದು ಕೇಳಿಸಿತು. "ಇಂಜಿನ್ನ ಹೋಗೇತಿ!" ಶಿವಪುತ್ರ ಗಂಟಲು ಹರಿಯುವಂತೆ ಒದರಿದ. "ಇಂಜಿನ್ ಹೋತು, ನನ್ನ ಕಾಶಿ ಹೋದಳು, ಇಂಜಿನ್ನ ಹೋತಲ್ಲೋ!"

ತಿರುಗುತ್ತಿದ್ದ ಸೆಲ್ಫು ಧಡ್ ಎಂದು ನಿಂತಿತು. ನನ್ನ ಕೈಯ ಕೆಳಗೆ ಇಡೀ ಇಂಜಿನ್ನು ಒಮ್ಮೆ ನಡುಗಿ ಬಿಗಿಯಾಯಿತು. ದೊಡ್ಡ ಸ್ಪ್ಯಾನರ್ ಹಾಕಿ ಮೈಯೆಲ್ಲ ಭಾರ ಬಿಟ್ಟು ತಿರುಗಿಸಿ ನೋಡಿದೆ. ಕದಲಲಿಲ್ಲ. ಗುರವ್ವ ಬಾನೆಟ್ಟು ಹಿಡಿದುಕೊಂಡೇ ನಿಂತಿದ್ದಳು. ನಾನು ಅವಳ ಕೈ ಬಿಡಿಸಿ ಬಾನೆಟ್ಟು ಕೆಳಗಿಳಿಸಿದೆ.

ಕಾಶವ್ವನಿಗೆ ಇನ್ನೂ ಜೀವವಿತ್ತು. 'ಕಾಶಿ ಹೋದಳು' ಎಂದು ಅವನು ಒದರಿದ ಮಾತು ಅವಳಿಗೆ ತಟ್ಟಲಿಲ್ಲವೋ ನಿಧಾನಕ್ಕೆ ತಟ್ಟಿತೋ, ಅದನ್ನು ನಾನು ಹೇಳಲಾರೆ, ವಾಮನರಾಯರೂ ಹೇಳಲಿಲ್ಲ. ಹಗ್ಗದ ಹೊರಸಿನ ಮೇಲೆ ಮಲಗಿಸಿ ಓಣಿಯ ಗಂಡಸರೆಲ್ಲ ಹೊತ್ತೆವು. ಘಾಟಿನ ಏರು ಹತ್ತಿ ಗಡಿಕಲ್ಲು ದಾಟಿದ ಮೇಲೆ ಒಂದು ಲಾರಿ ಸಿಕ್ಕಿತು. ಆಸ್ಪತ್ರೆಯ ಡಾಕ್ಟರು ಮುಟ್ಟಿ ನೋಡಿ, ಅಪೆಂಡಿಕ್ಸ್ ಒಡೆದಿದೆ, ಮಧ್ಯಾಹ್ನವೇ ಕರೆತಂದಿದ್ದರೆ ಉಳಿಸುತ್ತಿದ್ದೆ ಎಂದು ಒಂದೇ ಉಸಿರಿಗೆ ಅಂದುಬಿಟ್ಟರು. ಎಷ್ಟು ಸಲೀಸಾಗಿ ಅಂದರು! ನಾವು ಹಳ್ಳಿಗಮಾರರ ಹಾಗೆ ಬಾಯಿ ಮುಚ್ಚಿಕೊಂಡು ನಿಂತಿದ್ದೆವು. ಮರುದಿನ ಮಣ್ಣು ಮಾಡಿದೆವು.

ನಮ್ಮೂರಲ್ಲಿ ಬಾಯಿಂದ ಒಂದು ಸಾವಾದರೆ ಬೇವಿನಕಟ್ಟೆಗೆ ಮಂದಿ ಸೇರಿ, ಮೊದಲ ಬಾಯಿ ಯಾರದು ಎಂದು ಕೇಳುತ್ತಾರೆ. ಯಾರದೆಂದು ಗೊತ್ತಾದರೆ ಅವನು ಸಾಯುವವರೆಗೆ ಮನೆಯ ಹೊರಗೆ ಬಾಯಿಗೆ ಅರಿವೆ ಕಟ್ಟಿಕೊಂಡು ತಿರುಗಬೇಕು. ಕೆಟ್ಟ ವಸ್ತು ಮುಟ್ಟುವಂತಿಲ್ಲ, ರೋಗಿಯ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಈ ಪಾಡು ಪಟ್ಟವರನ್ನು ನಾನು ಕಂಡಿದ್ದೇನೆ. ಹೊರಗಿನ ಅರಿವೆ ಹೇಗೋ ಸಹಿಸುತ್ತಾರೆ. ಒಳಗೆ ತಿನ್ನುವುದು ಬೇರೆ.

ಕಟ್ಟೆ ಸೇರುವ ಮುಂಜಾನೆ ಗುರವ್ವ ಗ್ಯಾರೇಜಿಗೆ ಬಂದಳು. ಹರವಿಯ ಪಕ್ಕದಲ್ಲಿ ನೆಲಕ್ಕೇ ಕೂತಳು.

"ಮೇಲಕ್ಕ ಕುಂದ್ರು, ಅವ್ವಾ" ಅಂದೆ.

"ಬ್ಯಾಡಪಾ." ಸೆರಗಿನ ಅಂಚು ತೀಡುತ್ತ, "ಅಂವ ಉಣವಲ್ಲ, ದಾವಲಾ" ಅಂದಳು. "ಬಾಯಾಗ ನೀರು ತುಂಬ್ಕೊಂಡು ಆ ಗಾಡಿ ಮುಂದ ಕುಂತಾನ. ನುಂಗವಲ್ಲ, ಉಗಳವಲ್ಲ. ರಾತ್ರಿ ಹಂಗ ಕುಂತ, ಹಗಲಿ ಹಂಗ ಕುಂತ. ನಾ ಗಲ್ಲ ಹಿಡದು ಒತ್ತಿದ್ರ ನೀರು ಹೊರಗ ಬರತೈತಿ, ಮತ್ತ ತುಂಬ್ಕೋತಾನ."

"ಅಳಲಿಲ್ಲೇನ?"

"ಅಳಲಿಲ್ಲ." ಆಮೇಲೆ ನನ್ನ ಮುಖ ನೋಡಿದಳು. "ನೀ ಏನೂ ಅಂದಿರಲಿಲ್ಲ. ನಾ ನಿನ್ನ ಬಾಯಿ ಮುಂದ ನಿಂತಿದ್ನಿ. ಒಂದ್ ಮಾತು ಅಂದಿರಲಿಲ್ಲ ನೀ."

"ಹೌದಬೇ."

ಅಷ್ಟೇ ಅಂದು ಎದ್ದು ಹೋದಳು. ಮುದುಕಿ ಏನನ್ನೂ ಬೇಡಲಿಲ್ಲ. ಬೇಡಿದ್ದರೆ ಬೈದು ಕಳಿಸುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ. ನನಗೇನು ಹುಚ್ಚೇ? ಅವಳು ಹೋದ ಮೇಲೆ ಸ್ಪ್ಯಾನರುಗಳನ್ನು ತೆಗೆದು ಒರೆಸತೊಡಗಿದೆ. ಸಿಟ್ಟು ಬಂತು. ಮುದುಕಿಯ ಮೇಲೆ, ಶಿವಪುತ್ರನ ಮೇಲೆ, ಒಂದು ಗಳಿಗೆ ತಡವಾಗಿ ಬಾಯಿ ತೆರೆದ ನನ್ನ ಮೇಲೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತ ಕೂತೆ.

ಕಟ್ಟೆಯ ಮೇಲೆ ಊರ ಹಿರಿಯ ಸೋಮನಗೌಡರು ಕೂತಿದ್ದರು. ಶಿವಪುತ್ರನನ್ನು ಇಬ್ಬರು ರಟ್ಟೆ ಹಿಡಿದು ಕರೆತಂದು ಕೂರಿಸಿದರು. ಗಲ್ಲ ಉಬ್ಬಿಯೇ ಇದ್ದವು. ಕಣ್ಣು ಒಳಗೆ ಹೋಗಿದ್ದವು. ಈ ಮನುಷ್ಯ ಇನ್ನು ಬಹಳ ದಿನ ಇರುವುದಿಲ್ಲ ಎಂದು ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಯಾರೂ ಬಾಯಿ ಬಿಟ್ಟು ಅನ್ನಲಿಲ್ಲ, ಪುಣ್ಯಕ್ಕೆ.

"ಮೊದಲ ಬಾಯಿ ಯಾರದು?" ಗೌಡರು ಕೇಳಿದರು.

ಶಿವಪುತ್ರನ ಕೈ ಮೇಲೇಳತೊಡಗಿತು. ನಾನು ಎದ್ದು ನಿಂತೆ.

"ನಂದ್ರಿ, ಗೌಡ್ರ."

ಮಂದಿ ಗುಜುಗುಜು ಎಂದಿತು. ಗೌಡರು ಹುಬ್ಬು ಗಂಟಿಕ್ಕಿದರು. "ಏನ್ ಮಾತಾಡ್ತೀ ದಾವಲಸಾಬ? ಶಿವಪುತ್ರ ಒದರಿದ್ದು ಓಣೀಗೆಲ್ಲಾ ಕೇಳೇತಿ."

"ಅಂವ ಒದರೂಕಿಂತ ಮೊದಲ ನಾ ಅಂದಿದ್ನಿರಿ. ಬಾನೆಟ್ಟಿನ್ಯಾಗ ತಲಿ ಹಾಕ್ಕೊಂಡು ಗೊಣಗುಟ್ಟಿದೆ. ನನ್ನ ಬಾಯಿ ನಿಮಗೆಲ್ಲಾ ಗೊತ್ತೈತಿ, ಜಾರಿತು. ಇಂಜಿನ್ ಆಗ ಬಿಗದು ಸತ್ತಿತ್ತು. ಇಂವ ಒದರಿದ್ದು ಸತ್ತ ಇಂಜಿನ್ನಿಗೆ."

"ಕೇಳಿದಾವ್ರು ಯಾರರ ಅದಾರೇನು?"

ಇದನ್ನು ನಾನು ಯೋಚಿಸಿರಲಿಲ್ಲ. ಸುಳ್ಳು ಹೇಳಿ ರೂಢಿಯಿಲ್ಲದವನ ಹಣೆಬರಹವೇ ಇಷ್ಟು. ಆಗ ಹೆಂಗಸರ ನಡುವಿನಿಂದ ಗುರವ್ವ ಎದ್ದಳು.

"ನಾ ಕೇಳೀನ್ರಿ. ಬಾನೆಟ್ ಹಿಡದಾಕಿ ನಾನ. ಇಂವ ಮೊದಲ ಅಂದ." ನನ್ನ ಕಡೆ ಒಮ್ಮೆಯೂ ತಿರುಗದೆ, ಮಾತು ತಡವರಿಸದೆ ಅಂದಳು. ಮುಂಜಾನೆ ಬೇಡದೇ ಹೋದದ್ದನ್ನು ಈಗ ಎಲ್ಲರೆದುರು ಕಸಿದುಕೊಂಡ ಹಾಗೆ ನನಗೆ ಅನ್ನಿಸಿತು. ಕೊಟ್ಟವನು ನಾನೇ ಆಗಿದ್ದರೂ ಹಾಗನ್ನಿಸಿತು.

ಶಿವಪುತ್ರ ತಲೆಯೆತ್ತಿ ನನ್ನನ್ನು ನೋಡಿದ. ಎಷ್ಟೋ ಹೊತ್ತು ನೋಡಿದ. ಆಮೇಲೆ ಎದ್ದು ಬಂದ. ಬಾಯಿಯ ನೀರನ್ನೆಲ್ಲ ನನ್ನ ಮುಖಕ್ಕೆ ಉಗಿದು ಕಪಾಳಕ್ಕೆ ಬಾರಿಸಿದ. "ನನ್ನ ಕಾಶೀನ ತಿಂದ್ಯಲ್ಲೋ! ನಿನ್ನ ನಾಲಿಗೆ ಸೇದಿಹೋಗ್ಲಿ, ನಿನ್ನ ಗ್ಯಾರೇಜಿಗೆ ಬೆಂಕಿ ಬೀಳ್ಲಿ!" ಮತ್ತೆ ಹೊಡೆದ, ಮತ್ತೆ ಹೊಡೆದ. ನಾನು ಕೈ ಅಡ್ಡ ತರಲಿಲ್ಲ. ಅಷ್ಟು ದಿನ ಉಣ್ಣದವನ ಕೈಯಲ್ಲಿ ಎಂಥ ಬಲ! ಮಂದಿ ಬಿಡಿಸಿ ಹಿಡಿದಾಗ ಅವನು ನೆಲಕ್ಕೆ ಬಿದ್ದು ಹೋ ಎಂದು ಅತ್ತ. ಹೆಂಡತಿ ಸತ್ತ ಮೇಲೆ ಅವನು ಅತ್ತದ್ದು ಅದೇ ಮೊದಲು.

ಅಲ್ಲಿಯೇ ನನ್ನ ಬಾಯಿಗೆ ಅರಿವೆ ಕಟ್ಟಿದರು. ಗ್ಯಾರೇಜಿಗೆ ಬೀಗ ಹಾಕಿದರು. ಮನೆಗೆ ಬಂದು ಅರಿವೆ ಬಿಚ್ಚಿದಾಗ ನನ್ನ ಹೆಂಡತಿ ಖಾಜಾಬಿ ಒಲೆಯ ಮುಂದೆ ಕೂತಿದ್ದಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು.

"ನೀವು ಅಂದಿಲ್ಲ" ಅಂದಳು. "ಅಂದಿದ್ರ ಅವತ್ತ ಮನೀಗೆ ಬಂದಾವ್ರ ನನಗ ಹೇಳ್ತಿದ್ರಿ. ನಿಮ್ಮ ಹೊಟ್ಟ್ಯಾಗ ಏನ್ ನಿಂತೇತಿ ಹೇಳ್ರಿ?"

ಅವಳು ನನ್ನ ಊದಿದ ಕಪಾಳಕ್ಕೆ ಬಿಸಿ ಅರಿಷಿಣ ಹಚ್ಚಿದಳು. ಹಚ್ಚುತ್ತಲೇ ಅತ್ತಳು, ಅಳುತ್ತಲೇ ಬೈದಳು. ಈಗ ಅವಳ ಹೊಲಿಗೆ ಮಷಿನ್ನಿನ ಮೇಲೆ ನಮ್ಮಿಬ್ಬರ ಅನ್ನ. ಮೊನ್ನೆ ಅದರ ಸದ್ದು ಬದಲಾಯಿತು. ಏನಾಗಿದೆ ಎಂದು ನಾನು ಕೂತಲ್ಲೇ ತಿಳಿದುಕೊಂಡೆ. ಮುಟ್ಟುವಂತಿಲ್ಲ. ಅವಳು ಅದನ್ನು ತಲೆಯ ಮೇಲೆ ಹೊತ್ತುಕೊಂಡು ಘಾಟಿನಾಚೆ ರಿಪೇರಿಗೆ ಹೋದಳು, ನಾನು ಬಾಗಿಲಲ್ಲಿ ಕೂತು ನೋಡಿದೆ.

ಶಿವಪುತ್ರ ದಿನಾ ನಮ್ಮ ಮನೆಯ ಮುಂದೆ ಹಾದುಹೋಗುತ್ತಾನೆ. ಹೋಗುವಾಗೊಮ್ಮೆ ಬೈಯುತ್ತಾನೆ, ಬರುವಾಗೊಮ್ಮೆ ಬೈಯುತ್ತಾನೆ. ಅವನ ಬೈಗುಳ ಈಗೀಗ ಪಳಗಿವೆ, ನನ್ನವೇ ಅವನ ಬಾಯಿಗೆ ಹೋದವೇನೋ ಅನ್ನಿಸುತ್ತದೆ. ಮೊದಮೊದಲು ಸಂಕಟವಾಗುತ್ತಿತ್ತು. ಈಗಲೂ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ಒಂದು ದಿನ ಗುರವ್ವ ನಮ್ಮ ಮನೆಯ ಕಟ್ಟೆಯ ಹತ್ತಿರ ಬಂದು ನಿಂತಳು. ಹೊರಗೆ ಕೂತಿದ್ದೆ, ಬಾಯಿಗೆ ಅರಿವೆ ಇತ್ತು.

"ಇವತ್ತ ಉಂಡಾನ, ದಾವಲಾ" ಅಂದಳು ನೆಲ ನೋಡುತ್ತ. "ಕೇಳಿ ಹಾಕಿಸ್ಕೊಂಡು ಉಂಡಾನ. ಹೊಸಾ ಗಾಡಿ ಮಾತು ತಗದಾನ."

ನಾನು ತಲೆಯಾಡಿಸಿದೆ. ಅವಳು ಹೋಗಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅವತ್ತ ನಿನ್ನ ಬೆರಳು ಒಂದ ಜಾಗಾದ ಮ್ಯಾಲ ನಿಂತಿತ್ತು. ನಾ ನೋಡೀನಿ. ನೀ ಬಾಯಿ ತಗದಿದ್ದಿ." ಅವಳ ದನಿ ಸಣ್ಣಗಾಯಿತು. "ಖರೇ ಹೇಳಪಾ. ದೊಡ್ಡದಿತ್ತೇನ ಅದು? ಸಣ್ಣದಿತ್ತೇನ? ಇಂವ ಒಂದ್ ಗಳಿಗಿ ತಡದಿದ್ರ ಆಕೆ ಉಳೀತಿದ್ದಳೇನ?"

ಓಣಿಯಲ್ಲಿ ಯಾರೂ ಇರಲಿಲ್ಲ. ಅರಿವೆಯನ್ನು ಗದ್ದಕ್ಕೆ ಇಳಿಸಿ ಎರಡು ಮಾತು ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೇಣುದ್ದದ ರಬ್ಬರು, ಒಂದು ಸೀಳು, ಒಂದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ. ಮುದುಕಿಯ ಕಣ್ಣು ನನ್ನ ಕಣ್ಣಿನಲ್ಲಿ ನೆಟ್ಟಿದ್ದವು. ಆ ಮಾತು ಕೇಳಿದರೆ ಅವಳು ಅದನ್ನು ದಿನಾ ಮಗನ ತಾಟಿನ ಮುಂದೆ ಕೂತು ನುಂಗಬೇಕಾಗಿತ್ತು.

ಗೊತ್ತಿಲ್ಲ ಎಂದು ಕೈಯಾಡಿಸಿದೆ. ಅವಳು, ಮಗ ಬರುವ ಹೊತ್ತಾಯಿತು, ರೊಟ್ಟಿ ಬಡಿಯಬೇಕು ಎಂದು ಹೊರಟುಹೋದಳು.